ಅಮ್ಮನ ಭುಜ, ಎರಡು ಚಾಟ್‌ಬಾಟ್ ಮತ್ತು ಒಂದು ಹಾಳೆ

ಅಮ್ಮನಿಗೆ ಬಲ ಭುಜದ ರೊಟೇಟರ್ ಕಫ್ ಆಪರೇಷನ್ ಆಯಿತು. ಭುಜದ ಕೀಲನ್ನು ಹಿಡಿದಿಡುವ ನಾಲ್ಕು ಸ್ನಾಯುಗಳಲ್ಲಿ ಒಂದರ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಹರಿದಿತ್ತು. ಅದನ್ನು ಮತ್ತೆ ಮೂಳೆಗೆ ಸೇರಿಸಿ ಹೊಲಿದರು. ಮನೆಗೆ ಬಂದ ರಾತ್ರಿಯೇ ಪ್ರಶ್ನೆಗಳು ಶುರು. ಪ್ರತಿ ಸಲ ಡಾಕ್ಟರಿಗೆ ಫೋನ್ ಮಾಡೋಕಾಗಲ್ಲ, ಅಲ್ವಾ? ಆರು ವಾರ ಅವಳ ಪ್ರಶ್ನೆಗಳನ್ನು ಎರಡು ಚಾಟ್‌ಬಾಟ್‌ಗಳಿಗೆ ಕೇಳಿದೆ, ಆಸ್ಪತ್ರೆ ಕೊಟ್ಟ ಹಾಳೆಯಲ್ಲಿ ಹುಡುಕಿದೆ, ಫಿಸಿಯೋ ಹತ್ತಿರ ಹೋದಾಗ ಅವರನ್ನೂ ಕೇಳಿದೆ.

ಮೊದಲ ರಾತ್ರಿ ಗೆದ್ದಿದ್ದು ಚಾಟ್‌ಬಾಟ್‌ಗಳೇ. ಕೈ ಪೂರ್ತಿ ಮರಗಟ್ಟಿತ್ತು. "ಇದು ನನ್ನ ಕೈಯೇ ಅಲ್ಲ ಅನ್ಸುತ್ತೆ" ಅಂದಳು ಅಮ್ಮ. ದನಿಯೂ ಗೊಗ್ಗರಾಗಿತ್ತು. ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನೋವು ಗೊತ್ತಾಗದಿರಲಿ ಅಂತ ಆಪರೇಷನ್‌ಗೆ ಕತ್ತಿನ ಬಳಿ ನರಕ್ಕೆ ಕೊಟ್ಟ ಇಂಜೆಕ್ಷನ್‌ನಿಂದ ಹೀಗಾಗುತ್ತದೆ, ಸಾಮಾನ್ಯವಾಗಿ 12ರಿಂದ 24 ಗಂಟೆ ಇರುತ್ತದೆ, ಉಸಿರಾಡೋಕೆ ಕಷ್ಟವಾದರೆ ಮಾತ್ರ ಕಾಯಬೇಡಿ ಅಂತ ಎರಡೂ ಹೇಳಿದವು. ಮರಗಟ್ಟಿದ್ದು ಬಿಟ್ಟಾಗ ನೋವು ಒಮ್ಮೆಲೇ ಬರಬಹುದು, ಡಾಕ್ಟರ್ ಬರೆದ ಮಾತ್ರೆ ತಪ್ಪಿಸಬೇಡಿ ಅಂತ ಒಂದು ಎಚ್ಚರಿಸಿತು. ಬೆಳಗಿನ ಜಾವ ಹಾಗೇ ಆಯಿತು. ಮಾತ್ರೆ ತಗೊಂಡಿದ್ದು ಒಳ್ಳೆಯದಾಯಿತು.

ಮಲಗೋ ವಿಷಯದಲ್ಲೂ ಅವೇ ವಾಸಿ. ಹಾಳೆಯಲ್ಲಿದ್ದದ್ದು "ಆ ಮಗ್ಗುಲಿಗೆ ಮಲಗಬೇಡಿ" ಅಂತ ಅಷ್ಟೇ. ಬೆನ್ನಿಗೆ ಎತ್ತರ ಕೊಟ್ಟು ಒರಗಿ, ಮೊಣಕೈ ಹಿಂದಕ್ಕೆ ಜಾರದ ಹಾಗೆ ಅಡಿಗೆ ದಿಂಬಿಡಿ ಅಂತ ಚಾಟ್‌ಬಾಟ್‌ಗಳು ಹೇಳಿದವು.

ಮೂರನೇ ವಾರ ಕಥೆ ಬದಲಾಯಿತು. "ನೋವೇ ಇಲ್ಲ. ಕೈ ಎತ್ತಲಾ?" ಅಂದಳು ಅಮ್ಮ. ಅದನ್ನೇ ಟೈಪ್ ಮಾಡಿದೆ. ಮೊದಲನೆಯದು ನನ್ನನ್ನೇ ಕೇಳಿತು: ಯಾವ ಆಪರೇಷನ್? ಟೆಂಡನ್ ಹೊಲಿದಿದ್ದಾರಾ? ಡಾಕ್ಟರ್ ಏನು ಹೇಳಿದ್ದಾರೆ? ಎರಡನೆಯದು ಏನೂ ಕೇಳದೆ, ನಿಧಾನಕ್ಕೆ ಎತ್ತಲು ಶುರು ಮಾಡಿ ಅಂದುಬಿಟ್ಟಿತು. ಮೂಳೆಯ ಮೇಲೆ ಬೆಳೆದ ಮುಳ್ಳನ್ನು ಮಾತ್ರ ಉಜ್ಜಿ ತೆಗೆದಿದ್ದರೆ ಅದು ಸರಿಯಿರಬಹುದು. ಅಮ್ಮನಿಗೆ ಅದು ತಪ್ಪು. ನೋವು ಹೋದ ಮಾತ್ರಕ್ಕೆ ಟೆಂಡನ್ ಮೂಳೆಗೆ ಕಚ್ಚಿಕೊಂಡಿದೆ ಅಂತಲ್ಲ. ಅದಕ್ಕೆ ತಿಂಗಳುಗಳೇ ಬೇಕು. ವಿವರ ಎಲ್ಲ ಬರೆದು ಮತ್ತೆ ಕೇಳಿದೆ. ಅಷ್ಟೇ ಧೈರ್ಯವಾಗಿ, "ಬೇಡವೇ ಬೇಡ" ಅಂದಿತು. ನನಗೆ ಹೆದರಿಕೆಯಾಗಿದ್ದು ಆ ಧೈರ್ಯ ನೋಡಿಯೇ. ಅಮ್ಮ ಒಬ್ಬಳೇ ಕೇಳಿದ್ದರೆ ಮೊದಲ ಉತ್ತರಕ್ಕೇ ಕೈ ಎತ್ತಿರುತ್ತಿದ್ದಳು.

ಕನ್ನಡದಲ್ಲಿ ಕೇಳಿದಾಗ ಇನ್ನೊಂದು ತೊಡಕು. ಈಗ "ನಿಷ್ಕ್ರಿಯ ವ್ಯಾಯಾಮ" ಮಾತ್ರ ಮಾಡಿ ಅಂತ ಬಂತು. ಓದಿದ ಅಮ್ಮ, "ಅಂದ್ರೆ ವ್ಯಾಯಾಮ ಮಾಡ್ಬಾರ್ದು ಅಂತ ತಾನೇ?" ಅಂದಳು. ಮಾರನೇ ದಿನ ಫಿಸಿಯೋ ಅವಳ ಎಡಗೈಯಲ್ಲಿ ಬಲಗೈ ಮಣಿಕಟ್ಟನ್ನು ಹಿಡಿಸಿದರು. "ಅಮ್ಮಾ, ಈ ಕೈ ಕೆಲಸ ಮಾಡ್ಲಿ, ಆ ಕೈ ಸುಮ್ನೆ ಜೊತೆಗೆ ಬರ್ಲಿ." ನಿಷ್ಕ್ರಿಯ ಅಂದರೆ ಇಷ್ಟೇ. ಅಮ್ಮನ ಭುಜ ಬಿಗಿಯಾಗಿ ಕಿವಿಯತ್ತ ಏರಿತು. ಅವರು ಎರಡು ಬೆರಳಿಟ್ಟು ಮೆತ್ತಗೆ ಒತ್ತಿದರು, ಭುಜ ಇಳಿಯಿತು. ಇದನ್ನು ಯಾವ ಪರದೆಯೂ ಮಾಡೋಕಾಗಲ್ಲ.

ಹಾಗಾಗಿ ಪ್ರಶ್ನೆಗಳನ್ನು ನಾನು ಹಂಚಿದ್ದು ಹೀಗೆ. ಯಾಕೆ ಹೀಗಾಗುತ್ತಿದೆ ಅನ್ನೋದಕ್ಕೆ ಚಾಟ್‌ಬಾಟ್, ಅದರಲ್ಲೂ ತಿರುಗಿ ಪ್ರಶ್ನೆ ಕೇಳೋ ಮೊದಲನೆಯದು. ಕೈ ಎತ್ತೋದು, ಸ್ಲಿಂಗ್ (ಕೈಯನ್ನು ಕತ್ತಿಗೆ ತೂಗುಹಾಕುವ ಪಟ್ಟಿ) ತೆಗೆಯೋದು, ಗಾಡಿ ಓಡಿಸೋದು ಇವಕ್ಕೆಲ್ಲ ಹಾಳೆ ಮತ್ತು ಫಿಸಿಯೋ. ಜ್ವರ, ಗಾಯದಲ್ಲಿ ಕೀವು, ಎದೆನೋವು ಬಂದರೆ ಟೈಪ್ ಮಾಡುತ್ತಾ ಕೂರೋದಿಲ್ಲ, ಸೀದಾ ಆಸ್ಪತ್ರೆ.

ಇನ್ನೊಂದು ಉಪಯೋಗ ಆಮೇಲೆ ಗೊತ್ತಾಯಿತು. ಆರನೇ ವಾರ ಡಾಕ್ಟರನ್ನು ನೋಡೋ ಮೊದಲು ಏನೇನು ಕೇಳಬೇಕು ಅಂತ ಎರಡಕ್ಕೂ ಕೇಳಿದೆ. ಒಳ್ಳೆಯ ಪಟ್ಟಿ ಬಂತು, ಚೀಟಿಯಲ್ಲಿ ಬರೆದುಕೊಂಡೆ. ಕೊನೆಯಲ್ಲಿ ಅಮ್ಮ ಎಡಗೈಯಲ್ಲೇ, ಸೊಟ್ಟ ಅಕ್ಷರದಲ್ಲಿ ಒಂದು ಸೇರಿಸಿದಳು: "ತಲೆ ಯಾವಾಗ ಬಾಚ್ಕೋಬಹುದು?" ಡಾಕ್ಟರ್ ಮೊದಲು ಉತ್ತರಿಸಿದ್ದು ಅದಕ್ಕೇ. ಇನ್ನೂ ಸ್ವಲ್ಪ ದಿನ ಮಗಳೇ ಬಾಚಲಿ ಅಂದರು.