ವಿಮಾನದಲ್ಲೂ ವೈಟ್ ಬೋರ್ಡ್ ಇದೆ, ನೋಡ್ಕೊಂಡು ಬುಕ್ ಮಾಡಿ

ಓದಿ ನಗೋರು ನಗಿ ಪರವಾಗಿಲ್ಲ. ಪೀಣ್ಯದ ಒಂದು ಮಷೀನ್ ಟೂಲ್ ಕಂಪನೀಲಿ 14 ವರ್ಷದಿಂದ ಅಡ್ಮಿನ್ ನೋಡ್ಕೋತಿದೀನಿ, ಟ್ರಾವೆಲ್ ಪೂರ್ತಿ ನನ್ನ ತಲೆ ಮೇಲೆ. ಟಿಕೆಟ್ಟು, ವೀಸಾ, ಹೋಟ್ಲು, ಕ್ಯಾಬು ಯಾವುದ್ರಲ್ಲೂ ನನ್ನ ಯಾಮಾರ್ಸೋಕೆ ಆಗಲ್ಲ ಅನ್ನೋ ಜಂಬ ಇತ್ತು. ಯೂರೋಪಲ್ಲಿ ಒಂದು ಬಾಡಿಗೆ ಜೆಟ್ ಬುಕ್ ಮಾಡೋಕೆ ಹೋಗಿ ಆ ಜಂಬಕ್ಕೆ ಬಿದ್ದ ಬಿಲ್ಲು 26,800 ಯೂರೋ, ಅಂದ್ರೆ ಹತ್ತತ್ರ 28 ಲಕ್ಷ. ಅದೂ ನನ್ನ ದುಡ್ಡಲ್ಲ, ಯಜಮಾನ್ರ ದುಡ್ಡು.

2025ರ ಸೆಪ್ಟೆಂಬರ್ 22ರಿಂದ 26ರ ತನಕ ಜರ್ಮನಿಯ ಹ್ಯಾನೋವರ್‌ನಲ್ಲಿ ಇಎಂಒ ಅನ್ನೋ ಮಷೀನ್ ಟೂಲ್ ಎಕ್ಸಿಬಿಷನ್ ಇತ್ತು, ನಮ್ಮ ಲೈನ್‌ನೋರಿಗೆ ಅದೇ ದೊಡ್ಡ ಜಾತ್ರೆ. ಯಜಮಾನ್ರು, ಅವರ ಮಗ, ಮಾರ್ಕೆಟಿಂಗ್ ಹೆಡ್ಡು, ಜೊತೆಗೆ ಪುಣೆ ಪಾರ್ಟಿಯ ಇಬ್ಬರು, ಒಟ್ಟು ಐದು ಜನ. ಬುಧವಾರ ಸಂಜೆ ಹ್ಯಾನೋವರ್ ಬಿಟ್ಟು ಫ್ರಾನ್ಸಿನ ಲಿಯಾನ್, ಗುರುವಾರ ಅಲ್ಲಿ ಮೀಟಿಂಗ್ ಮುಗಿಸಿ ಇಟಲಿಯ ಬೊಲೋನಿಯಾ, ಶುಕ್ರವಾರ ಅಲ್ಲಿ ಪ್ಯಾಕೇಜಿಂಗ್ ಮಷೀನ್ ಮಾಡೋರ ಜೊತೆ ಮಾತುಕತೆ, ಸಂಜೆಗೆ ಲಂಡನ್. ಮಾಮೂಲಿ ಫ್ಲೈಟಲ್ಲಿ ಇದು ಹೊಂದಲ್ಲ, ಯಜಮಾನ್ರಿಗೆ 67 ವರ್ಷ, ಮಂಡಿ ನೋವು ಬೇರೆ. ಐದು ಜನ ಇದೀವಿ, ಒಂದು ಸಣ್ಣ ಜೆಟ್ ನೋಡಪ್ಪ ಅಂದ್ರು. ಜೆಟ್ ಅಂದ ಮಾತ್ರಕ್ಕೆ ವೀಸಾ ಬೇಡ ಅಂದ್ಕೋಬೇಡಿ, ಷೆಂಗೆನ್ ಬೇರೆ, ಬ್ರಿಟನ್ ಬೇರೆ, ಎರಡೂ ಬೇಕು. ಅದನ್ನೆಲ್ಲ ಜುಲೈಯಲ್ಲೇ ಮಾಡಿಸಿಟ್ಟಿದ್ದೆ. ನಾನು ಸರಿಯಾಗಿ ಮಾಡಿದ್ದು ಅದೊಂದೇ.

ಮೂರು ಕಡೆ ಕೊಟೇಶನ್ ತರಿಸ್ದೆ. ಎರಡು ಕಡೆ 38 ಸಾವಿರ, 41 ಸಾವಿರ ಯೂರೋ ಬಂತು. ಮೂರನೇಯವನು ಲಂಡನ್ ನಂಬರಿನ ಬ್ರೋಕರ್, ನಮ್ಮ ದೇಶದೋನೇ, ಹಿಂದಿ ಕಲಸಿದ ಇಂಗ್ಲಿಷು, ಮಾತಿಗೊಂದು ಸಲ ಬ್ರದರ್. 26,800, ಆಲ್ ಇನ್ಕ್ಲೂಸಿವ್ ಅಂದ. ಸೈಟೇಷನ್ ಎಕ್ಸ್‌ಎಲ್‌ಎಸ್, ಎಂಟು ಸೀಟು, ಇಬ್ಬರು ಪೈಲಟ್, ಒಳಗಿನ ಲೆದರ್ ಸೀಟಿನ ಫೋಟೋ ಕೂಡ ಕಳಿಸ್ದ. ಇಷ್ಟು ಕಮ್ಮಿ ಹೆಂಗೆ ಅಂದಿದ್ದಕ್ಕೆ ಎಂಪ್ಟಿ ಲೆಗ್ ಅಡ್ಜಸ್ಟ್‌ಮೆಂಟ್ ಬ್ರದರ್ ಅಂದ. ಎಂಪ್ಟಿ ಲೆಗ್ ಅಂದ್ರೆ ಮೈಸೂರಿಗೆ ಡ್ರಾಪ್ ಮಾಡಿ ಖಾಲಿ ವಾಪಸ್ ಬರೋ ಇನ್ನೋವಾ ಥರ, ಖಾಲಿ ಬರೋ ಬದ್ಲು ಕಮ್ಮಿಗೆ ಹತ್ತಿಸ್ಕೋತಾರೆ. ಆದ್ರೆ ನಮಗೆ ಬೇಕಾದ ದಿನ, ಬೇಕಾದ ಟೈಮಿಗೆ, ಮೂರೂ ಊರಿಗೆ ಸಾಲಾಗಿ ಖಾಲಿ ಇನ್ನೋವಾ ಹೆಂಗ್ರೀ ಸಿಗುತ್ತೆ? ಈಗ ಹೊಳೀತಿದೆ. ಆಗ 11 ಸಾವಿರ ಯೂರೋ ಉಳಿಸ್ದೆ ಅಂತ ಯಜಮಾನ್ರ ಮುಂದೆ ಎದೆ ಉಬ್ಬಿಸ್ಕೊಂಡು ನಿಂತಿದ್ದೆ.

ನಮ್ಮ ಅಕೌಂಟ್ಸ್ ಮೇಡಂ ಕೇಳಿದ್ರು. ಇದನ್ನ ಬರೀಲೇಬೇಕು, ಇಲ್ಲಾಂದ್ರೆ ಅವರಿಗೆ ಅನ್ಯಾಯ. ಬ್ಯಾಂಕಿಗೆ ಎ2 ಫಾರ್ಮು, 15ಸಿಎ 15ಸಿಬಿ ಅಂತ ಹೊರದೇಶಕ್ಕೆ ದುಡ್ಡು ಕಳಿಸೋ ಪೇಪರ್ಸ್ ಎಲ್ಲ ರೆಡಿ ಮಾಡೋವಾಗ, ಸಾರ್, ವೆಬ್‌ಸೈಟಲ್ಲಿ ಒಂದು ಹೆಸ್ರು, ಇನ್ವಾಯ್ಸಲ್ಲಿ ಇನ್ನೊಂದು ಹೆಸ್ರು, ಆಫೀಸು ಲಂಡನ್, ಅಕೌಂಟ್ ನಂಬರು ಎಲ್‌ಟಿ ಅಂತ ಶುರುವಾಗುತ್ತೆ ಅಂದ್ರೆ ಲಿಥುವೇನಿಯಾ, ಇದೇನು ಅಂತ. ನಾನು, ಯೂರೋಪಲ್ಲಿ ಹಂಗೇ ಮೇಡಂ, ನೀವು ಹಾಕಿ ಅಂದೆ. ಯೂರೋಪಲ್ಲಿ ಹಂಗೇ ಅಂತೆ! ನಾನು ಯೂರೋಪ್ ನೋಡಿರೋದು ಕ್ಯಾಲೆಂಡರಲ್ಲಿ. ಪೂರ್ತಿ ದುಡ್ಡು ಅಡ್ವಾನ್ಸ್ ಹೋಯ್ತು.

ವಿಮಾನ ಯಾವ ಕಂಪನೀದು, ನಂಬರ್ ಏನು ಅಂತ ನಾನು ಕೇಳ್ದೇ ಇರ್ಲಿಲ್ಲ. ನಾಲ್ಕು ಸಲ ಕೇಳಿದೀನಿ, ಮೆಸೇಜ್ ಎಲ್ಲ ಇದೆ. ಸೆಕ್ಯುರಿಟಿ ರೀಸನ್ ಬ್ರದರ್, ಹಿಂದಿನ ದಿನ ಕೊಡ್ತೀನಿ. ಹಿಂದಿನ ದಿನ ಕೇಳಿದ್ರೆ, ಕ್ರೂ ಕನ್ಫರ್ಮ್ ಆಗ್ಲಿ ಬ್ರದರ್. ಬುಧವಾರ ಬೆಳಿಗ್ಗೆ ಕೊಟ್ಟ. ನಂಬರ್ ಎನ್ ಅಂತ ಶುರುವಾಗ್ತಿತ್ತು. ಜರ್ಮನೀದು ಡಿ, ಫ್ರಾನ್ಸು ಎಫ್, ಮಾಲ್ಟಾ 9ಎಚ್, ನಮ್ಮದು ವಿಟಿ, ಎನ್ ಅಂದ್ರೆ ಅಮೆರಿಕಾ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಎನ್ ಇದ್ದ ಮಾತ್ರಕ್ಕೆ ಕಳ್ಳ ವಿಮಾನ ಅಂತಲ್ಲ, ಆದ್ರೆ ಯೂರೋಪಿನ ಒಂದು ದೇಶದಿಂದ ಇನ್ನೊಂದಕ್ಕೆ ದುಡ್ಡು ತಗೊಂಡು ಜನ ಸಾಗಿಸೋದು ಹೊರಗಿನ ದೇಶದ ಆಪರೇಟರ್ ಸುಮ್ನೆ ಬಂದು ಮಾಡೋ ಹಂಗಿಲ್ಲ. ಬ್ರೆಕ್ಸಿಟ್ ಆದ್ಮೇಲೆ ಬ್ರಿಟನ್ನಿನೋರಿಗೇ ಆ ಹಕ್ಕು ಹೋಯ್ತು.

ಸಂಜೆ ಹ್ಯಾನೋವರಿಂದ ಯಜಮಾನ್ರ ಫೋನು. ಏನಯ್ಯಾ, ಎಂಟು ಸೀಟು ಅಂದಿದ್ದೆ, ಇದು ನಮ್ಮ ಸ್ಟಾಫ್ ಟಿಟಿಗಿಂತ ಚಿಕ್ಕದಾಗಿದೆಯಲ್ಲ, ತಲೆ ಬಗ್ಗಿಸ್ಕೊಂಡು ಕೂತಿದೀವಿ. ಮಷೀನಲ್ಲಿ ಮಾಡಿದ ಸ್ಯಾಂಪಲ್ ಪೀಸು ತುಂಬಿದ್ದ ಒಂದು ಪೆಟ್ಟಿಗೆ ಹಿಡಿಸ್ಲಿಲ್ಲ, ವಾಪಸ್ ಸ್ಟಾಲ್‌ಗೇ ಕಳಿಸಿದ್ರು. ಪೈಲಟ್ ಒಬ್ಬನೇ. ದುಡ್ಡು ತಗೊಂಡು ಓಡಿಸೋ ಜೆಟ್‌ಗೆ ಅಲ್ಲಿ ಇಬ್ಬರು ಪೈಲಟ್ ಇರ್ಲೇಬೇಕು, ಸಣ್ಣದಾದ್ರೂ ಸರಿ. ಬ್ರೋಕರ್‌ಗೆ ಮೆಸೇಜ್ ಹಾಕಿದ್ರೆ, ಸಿಮಿಲರ್ ಏರ್‌ಕ್ರಾಫ್ಟ್ ಬ್ರದರ್, ಕಾಂಟ್ರಾಕ್ಟ್ ಓದಿ ಅಂದ. ಹೆಂಗೋ ಲಿಯಾನ್ ಬ್ರಾನ್ ಏರ್‌ಪೋರ್ಟಿಗೆ ಇಳಿದ್ರು.

ಈಗ ಗುರುವಾರ. ನವರಾತ್ರಿ, ನಮ್ಮನೇಲಿ ಗೊಂಬೆ ಕೂರ್ಸಿದೀವಿ, ಸಂಜೆ ಏಳು ಗಂಟೆ, ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಹಾಡು ಹೇಳ್ತಿದಾರೆ. ಅಲ್ಲಿ ಮಧ್ಯಾಹ್ನ ಮೂರೂವರೆ, ಬೊಲೋನಿಯಾಗೆ ಹೊರಡೋ ಟೈಮು. ಅಷ್ಟರಲ್ಲಿ ಬ್ರೋಕರ್ ಮೆಸೇಜು:

ಬ್ರದರ್, ಸಣ್ಣ ವಿಷ್ಯ. ಯಾರಾದ್ರೂ ಕೇಳಿದ್ರೆ ನಿಮ್ಮ ಗೆಸ್ಟ್‌ಗಳು ಓನರ್ ಫ್ರೆಂಡ್ಸ್ ಅಂತ ಹೇಳ್ಲಿ. ಪೇಮೆಂಟ್ ಬಗ್ಗೆ ಮಾತಾಡೋದು ಬೇಡ. ಫಾರ್ಮಾಲಿಟಿ ಅಷ್ಟೇ.

ಎರಡು ನಿಮಿಷ ಅದನ್ನೇ ನೋಡ್ತಾ ನಿಂತೆ. ಕೈಯಲ್ಲಿ ಚರ್ಪಿನ ತಟ್ಟೆ. ಈ ಮಾತು ನಾನೆಲ್ಲೋ ಕೇಳಿದೀನಿ ಅನ್ನಿಸ್ತು. ಆಮೇಲೆ ಹೊಳೀತು. ವೈಟ್ ಬೋರ್ಡ್ ಗಾಡಿ! ಸ್ವಂತ ಕಾರನ್ನ ಬಾಡಿಗೆಗೆ ಓಡಿಸೋ ಡ್ರೈವರು ಚೆಕ್‌ಪೋಸ್ಟ್ ಹತ್ರ ಬಂದಾಗ ಹಿಂದೆ ತಿರುಗಿ, ಸಾರ್, ಆರ್‌ಟಿಒ ಕೇಳಿದ್ರೆ ರಿಲೇಟಿವ್ಸ್ ಅಂತ ಹೇಳ್ಬಿಡಿ ಅಂತಾನಲ್ಲ, ಅದೇ ಮಾತು, ಅಕ್ಷರ ಅಕ್ಷರ ಅದೇ. ಧರ್ಮಸ್ಥಳಕ್ಕೆ ಹೋಗೋವಾಗ ಆ ಮಾತು ಕೇಳಿ ನಾನೇ ತಲೆ ಆಡಿಸಿದೀನಿ. ಈಗ ಇಷ್ಟು ದುಡ್ಡು ಕೊಟ್ಟು ಯಜಮಾನ್ರನ್ನ ವೈಟ್ ಬೋರ್ಡ್ ವಿಮಾನ ಹತ್ತಿಸಿದೀನಿ.

ಫೋನ್ ಮಾಡೋಷ್ಟರಲ್ಲಿ ಆಗ್ಬಿಟ್ಟಿತ್ತು. ಅಲ್ಲಿ ವಿಮಾನದ ಪೇಪರ್ಸ್ ಚೆಕ್ ಮಾಡೋಕೆ ಇಬ್ಬರು ಇನ್ಸ್‌ಪೆಕ್ಟರ್ ಬಂದಿದಾರೆ, ತುಂಬಾ ಮರ್ಯಾದೆಯಾಗಿ ಮಾತಾಡ್ಸಿ ನೀವು ಓನರ್‌ಗೆ ಏನಾಗ್ಬೇಕು ಅಂತ ಕೇಳಿದಾರೆ. ಪೈಲಟ್ ಫ್ರೆಂಡ್ಸ್ ಅಂದನಂತೆ. ನಮ್ಮ ಯಜಮಾನ್ರು, ಯಾರ ಫ್ರೆಂಡ್? ಓನರ್ ಯಾರು ಅಂತಾನೇ ನನಗೆ ಗೊತ್ತಿಲ್ಲ, ದುಡ್ಡು ಕೊಟ್ಟಿದೀನಿ, ಇನ್ವಾಯ್ಸ್ ಬೇಕಾ ಅಂತ ತೆಗೆದು ತೋರ್ಸಿದಾರೆ. ಅಲ್ಲಿಗೆ ಮುಗೀತು. ಪೈಲಟ್ ಬ್ಯಾಗ್ ಇಳಿಸಿ ಫೋನ್ ಹಿಡ್ಕೊಂಡು ಹೊರಗೆ ಹೋದೋನು ವಾಪಸ್ ಬರ್ಲಿಲ್ಲ. ಯಜಮಾನ್ರು ನನಗೆ ಹೇಳಿದ್ದು ಒಂದೇ ಮಾತು, ಈ ವಯಸ್ಸಲ್ಲಿ ಸುಳ್ಳು ಹೇಳಿ ವಿಮಾನ ಹತ್ತೋ ಗತಿ ತಂದಿಟ್ಟೆಯಲ್ಲಯ್ಯಾ. ಪುಣೆಯೋರು ಪಕ್ಕದಲ್ಲೇ ನಿಂತಿದ್ರು. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಹೋಟ್ಲಿನೋರ ಕೈಕಾಲು ಹಿಡಿದು ಒಂದು ವ್ಯಾನ್ ಮಾಡಿಸ್ದೆ. ಹತ್ತತ್ರ 640 ಕಿಲೋಮೀಟರ್. ಮಾಂಟ್ ಬ್ಲಾಂಕ್ ಸುರಂಗ ರಿಪೇರಿಗೆ ಅಂತ ಸೆಪ್ಟೆಂಬರ್‌ನಿಂದ ಮುಚ್ಚಿದ್ರು, ಫ್ರೇಜಸ್ ಸುರಂಗದ ಮೂಲಕ ಟುರಿನ್ ಹಾಯ್ದು ಬೊಲೋನಿಯಾ ಮುಟ್ಟೋ ಹೊತ್ತಿಗೆ ರಾತ್ರಿ ಒಂದೂವರೆ. ಮಂಡಿ ನೋವಿನ ಮನುಷ್ಯ. ಶುಕ್ರವಾರ ಲಂಡನ್ನಿಗೆ ಮಾಮೂಲಿ ಏರ್‌ಲೈನ್ ಟಿಕೆಟ್ ಐದು, ಕೊನೇ ಗಳಿಗೆ ರೇಟಲ್ಲಿ. ಅದರ ಲೆಕ್ಕ ಬೇರೆ.

ಇನ್ನು ಬ್ರೋಕರ್ ಉತ್ತರಗಳು. ರೀಫಂಡ್ ಕೇಳಿದ್ರೆ ಏನಂದ ಗೊತ್ತಾ? ಏರ್‌ಕ್ರಾಫ್ಟ್ ವಾಸ್ ಅವೈಲಬಲ್ ಬ್ರದರ್, ನಿಮ್ಮ ಪ್ಯಾಸೆಂಜರ್ ತಪ್ಪು ಸ್ಟೇಟ್‌ಮೆಂಟ್ ಕೊಟ್ರು, ಸರಿಯಾಗಿ ಉತ್ತರ ಕೊಟ್ಟಿದ್ರೆ ಫ್ಲೈಟ್ ಹೋಗ್ತಿತ್ತು. ನಿಜ ಹೇಳಿದ್ದು ತಪ್ಪು ಸ್ಟೇಟ್‌ಮೆಂಟಂತೆ! ನಿಜ ಹೇಳಿದ್ದು! ಮತ್ತೆ ಕೇಳಿದ್ರೆ, ಕಾಂಟ್ರಾಕ್ಟಿನ 11ನೇ ಷರತ್ತು ಓದಿ, ಇದು ಕಾಸ್ಟ್ ಶೇರಿಂಗ್ ಫ್ಲೈಟ್ ಅಂತ ಬರ್ದಿದೆ. ಓದಿದೆ, ಬರ್ದಿದೆ, ಸಹಿ ನನ್ನದೇ. ಆದ್ರೆ ಯೂರೋಪಲ್ಲಿ ಖರ್ಚು ಹಂಚ್ಕೊಂಡು ಹಾರೋ ಆ ವಿನಾಯ್ತಿ ಇರೋದು ಹವ್ಯಾಸಕ್ಕೆ ಓಡಿಸೋರ ಸಣ್ಣಪುಟ್ಟ ವಿಮಾನಕ್ಕೆ, ಜೆಟ್‌ಗೆ ಅನ್ವಯಿಸೋದೇ ಇಲ್ಲ.

ಇಷ್ಟಾದ್ಮೇಲೂ ಇನ್ನೊಂದು ಬಿಲ್ ಕಳಿಸ್ದ ನೋಡಿ. ಫ್ರೆಂಚ್ ಪ್ಯಾಸೆಂಜರ್ ಟ್ಯಾಕ್ಸ್, ತಲೆಗೆ 420 ಯೂರೋ, ಐದು ಜನಕ್ಕೆ 2,100. ಆ ಟ್ಯಾಕ್ಸ್ ಇರೋದು ನಿಜ, 2025ರ ಮಾರ್ಚ್ 1ರಿಂದ ಫ್ರಾನ್ಸಿಂದ ಹೊರಡೋ ಬಾಡಿಗೆ ಜೆಟ್‌ಗೆ ಯೂರೋಪಿನೊಳಗಾದ್ರೆ ಅಷ್ಟೇ ರೇಟು. ಆದ್ರೆ ಅದು ಕಮರ್ಷಿಯಲ್ ಫ್ಲೈಟಿಗೆ ಕಣಪ್ಪ! ಇನ್ಸ್‌ಪೆಕ್ಟರ್ ಮುಂದೆ ಪ್ರೈವೇಟು, ನನ್ನ ಮುಂದೆ ಕಮರ್ಷಿಯಲ್ಲು. ಅದೂ ಫ್ರಾನ್ಸಿಂದ ಆ ವಿಮಾನ ನಮ್ಮನ್ನ ಹತ್ತಿಸ್ಕೊಂಡೇ ಇಲ್ಲ. ಇದನ್ನ ಕೇಳಿದ್ದಕ್ಕೆ ಒಂದು ನಮಸ್ಕಾರದ ಎಮೋಜಿ ಹಾಕಿ ಸುಮ್ಮನಾದ.

ಅವತ್ತಿಂದ ರಾತ್ರಿ ಮೂರು ಗಂಟೆ ತನಕ ಇದನ್ನೇ ಓದ್ತಾ ಕೂತ್ಕೊಳ್ಳೋದು ನನ್ನ ಕೆಲ್ಸ ಆಗಿದೆ. 2019ರ ಜನವರೀಲಿ ಎಮಿಲಿಯಾನೊ ಸಾಲಾ ಅನ್ನೋ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ನಾಂಟ್‌ನಿಂದ ಕಾರ್ಡಿಫ್‌ಗೆ ಹೋಗೋವಾಗ ವಿಮಾನ ಸಮುದ್ರಕ್ಕೆ ಬಿತ್ತಲ್ಲ, ಅದೂ ಇಂಥದ್ದೇ ಕಥೆ. ಪೈಲಟ್‌ಗೆ ಬಾಡಿಗೆಗೆ ಓಡಿಸೋ ಲೈಸೆನ್ಸೇ ಇರ್ಲಿಲ್ಲ. ಫ್ಲೈಟ್ ಅರೇಂಜ್ ಮಾಡಿದೋನಿಗೆ 2021ರಲ್ಲಿ 18 ತಿಂಗಳು ಜೈಲಾಯ್ತು. ಅದು ಓದಿದ್ಮೇಲೆ ಹ್ಯಾನೋವರ್ ಲಿಯಾನ್ ಲೆಗ್ ನೆನೆಸ್ಕೊಂಡ್ರೆ ಹೊಟ್ಟೆ ತೊಳೆಸುತ್ತೆ. ಐದು ಜನ, ಒಬ್ಬ ಪೈಲಟ್, ಏನಾದ್ರೂ ಆಗಿದ್ರೆ ಇನ್ಶೂರೆನ್ಸ್‌ನೋರು ಇದು ಅಕ್ರಮ ಬಾಡಿಗೆ ಅಂತ ಕೈ ಎತ್ತೋಕೆ ಎಷ್ಟು ಹೊತ್ತು?

ನಿಮ್ಮಲ್ಲಿ ಯಾರಾದ್ರೂ ಕಂಪನಿಗೆ ಬುಕ್ ಮಾಡೋರಿದ್ರೆ ದುಡ್ಡು ಕಳಿಸೋಕೆ ಮುಂಚೆ ಒಂದೇ ಒಂದು ಕೇಳಿ: ಓಡಿಸೋ ಕಂಪನಿ ಯಾವುದು, ಅದರ ಎಒಸಿ ಕಾಪಿ ಕೊಡು, ವಿಮಾನದ ನಂಬರ್ ಅದ್ರಲ್ಲಿದೆಯಾ ತೋರ್ಸು. ನಮ್ಮಲ್ಲಿ ಡಿಜಿಸಿಎ ಪರ್ಮಿಟ್ ಇದ್ದಂಗೆ ಅಲ್ಲಿ ಏರ್ ಆಪರೇಟರ್ ಸರ್ಟಿಫಿಕೇಟ್. ವಿಮಾನ ಕೊನೇ ಗಳಿಗೇಲಿ ಬದಲಾಗ್ಬಹುದು, ಅದು ಆಗುತ್ತೆ, ಆದ್ರೆ ಬದಲಾದ್ರೂ ಎಒಸಿ ಇರೋ ಕಂಪನೀದೇ ಆಗಿರ್ಬೇಕು ಅಂತ ಬರ್ಸಿಕೊಳ್ಳಿ. ಸೆಕ್ಯುರಿಟಿ ರೀಸನ್ ಅಂದ್ರೆ ಫೋನ್ ಇಡಿ. ಮತ್ತೆ ನಿಮ್ಮ ಅಕೌಂಟ್ಸ್ ಮೇಡಂ ಏನಾದ್ರೂ ಕೇಳಿದ್ರೆ ಬಾಯಿ ಮುಚ್ಕೊಂಡು ಕೇಳಿಸ್ಕೊಳ್ಳಿ.

ಆಯುಧಪೂಜೆ ದಿನ ಯಜಮಾನ್ರು ಫ್ಯಾಕ್ಟರಿಗೆ ಬಂದ್ರು. ಎಲ್ಲರಿಗೂ ಕೈಯಾರೆ ಸ್ವೀಟ್ ಬಾಕ್ಸ್ ಕೊಟ್ರು, ನನಗೂ ಕೊಟ್ರು, ಮುಖ ನೋಡ್ಲಿಲ್ಲ. ವಕೀಲರ ನೋಟಿಸ್ ಲಂಡನ್ ಅಡ್ರೆಸ್ಸಿಗೆ ಹೋಗಿ ವಾಪಸ್ ಬಂತು, ಅಲ್ಲಿ ಅಂಥ ಆಫೀಸೇ ಇಲ್ವಂತೆ. ಅವನ ನಂಬರ್ ಮಾತ್ರ ಬ್ಲಾಕ್ ಮಾಡಿಲ್ಲ, ಸಾಕ್ಷಿಗೆ ಬೇಕು ಅಂತ. ಮೊನ್ನೆ ಅದೇ ನಂಬರಿಂದ ಎಲ್ಲರಿಗೂ ಕಳಿಸೋ ಥರದ ಮೆಸೇಜ್ ಬಂತು, ಜನವರಿ ದಾವೋಸ್‌ಗೆ ಜ್ಯೂರಿಕ್ ತನಕ ಜೆಟ್, ಅರ್ಲಿ ಬುಕಿಂಗ್ ಡಿಸ್ಕೌಂಟ್, ಆಲ್ ಇನ್ಕ್ಲೂಸಿವ್. ಕೆಳಗೆ ಅದೇ ಎಕ್ಸ್‌ಎಲ್‌ಎಸ್ ಫೋಟೋ, ಅದೇ ಲೆದರ್ ಸೀಟು.