ಹತ್ತಿಯ ಬೂದಿ ರೋಗ: ಗಂಧಕ, ಕಾರ್ಬೆಂಡಜಿಂ, ಹೆಕ್ಸಾಕೊನಜೋಲ್ ಮೂರನ್ನೂ ಹೊಡೆದು ನೋಡಿದೆ

ಮೊದಲು ಎಲೆ ತಿರುಗಿಸಿ ನೋಡಿ. ಬೂದಿ ರೋಗ ಶಿಲೀಂಧ್ರದಿಂದ ಬರುವಂಥದ್ದು, ಮೇಲಿನಿಂದ ಬೇಗ ಕಾಣುವುದಿಲ್ಲ. ಗಿಡದ ಬುಡದ ಹಳೆ ಎಲೆಯ ಅಡಿಯಲ್ಲಿ, ನರಗಳ ನಡುವೆ, ಮೂಲೆ ಮೂಲೆಯಾದ ಸಣ್ಣ ಮಚ್ಚೆ, ಅದರ ಮೇಲೆ ಜೋಳದ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ. ಹೋದ ವರ್ಷ ಇದನ್ನು ಹುಳದ ಕಾಟ ಎಂದು ಅಂಗಡಿಯವರು ಹೇಳಿದರು, ನಾನೂ ನಂಬಿ ಎರಡು ಸಲ ಕೀಟನಾಶಕ ಹೊಡೆದೆ. ದೀಪಾವಳಿ ಹೊತ್ತಿಗೆ ಕೆಳಗಿನ ಎಲೆಗಳೆಲ್ಲ ಉದುರಿದ್ದವು.

ಬೇರೆ ರೋಗಗಳ ಜೊತೆ ಗೊಂದಲ ಆಗುತ್ತೆ. ಕಂದು ದುಂಡು ಮಚ್ಚೆ, ಒಳಗೆ ಉಂಗುರ ಉಂಗುರ ಇದ್ದರೆ ಅದು ಆಲ್ಟರ್ನೇರಿಯಾ. ಬೆರಳಿಗೆ ಕಂದು ಪುಡಿ ಹತ್ತಿದರೆ ತುಕ್ಕು. ಮೂಲೆ ಮಚ್ಚೆ ನೀರಲ್ಲಿ ನೆನೆದಂತಿದ್ದು ಪುಡಿಯೇ ಇಲ್ಲ ಅಂದರೆ ದುಂಡಾಣು ಅಂಗಮಾರಿ, ಅದಕ್ಕೆ ಈ ಮೂರು ಶಿಲೀಂಧ್ರನಾಶಕಗಳೂ ನಾಟುವುದಿಲ್ಲ.

ಈ ವರ್ಷ ಹಾವೇರಿ ಕಡೆಯ ನಮ್ಮ ಎರಿ ಹೊಲದಲ್ಲಿ ಸೆಪ್ಟೆಂಬರ್ ಕೊನೆಗೆ ಮಳೆ ಬಿಡದೆ, ಬೆಳಿಗ್ಗೆ ಇಬ್ಬನಿಯೂ ಬೀಳುತ್ತಿದ್ದಾಗ ಪುಡಿ ಕಾಣಿಸಿತು. ಹತ್ತತ್ತು ಸಾಲಿಗೆ ಒಂದೊಂದು ಔಷಧ, ಅಂಚಿನ ಎರಡು ಸಾಲು ಹಾಗೇ ಬಿಟ್ಟೆ.

ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ, ಅಂದರೆ 16 ಲೀಟರ್ ಕ್ಯಾನಿಗೆ 48 ಗ್ರಾಂ. ನೇರ ಸುರಿದರೆ ಗಂಟು ಕಟ್ಟುತ್ತೆ, ಮೊದಲು ಮಗ್ಗಿನಲ್ಲಿ ಕಲಸಿಕೊಳ್ಳಬೇಕು. ಇದು ಎಲೆಯೊಳಗೆ ಇಳಿಯುವುದಿಲ್ಲ, ಹಾಗಾಗಿ ನಾಝಲ್ ಮೇಲ್ಮುಖ ಮಾಡಿ ಎಲೆಯ ಅಡಿಗೇ ಹೊಡೆಯಬೇಕು; ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು, ಆದರೆ ಕೆಳಗಿನ ಎಲೆಯ ಪುಡಿ ಮೇಲಕ್ಕೆ ಹರಡದೆ ಅಲ್ಲೇ ನಿಂತಿತು, ಹೊಸ ಎಲೆ ಸ್ವಚ್ಛವಾಗಿ ಬಂತು. ಮಳೆ ಬಂದು ತೊಳೆದಾಗ ಮತ್ತೊಮ್ಮೆ ಹೊಡೆಯಬೇಕಾಯಿತು. ಉರಿ ಬಿಸಿಲಲ್ಲಿ ಮಾತ್ರ ಬೇಡ, ಎಲೆ ಸುಡುತ್ತೆ.

ಕಾರ್ಬೆಂಡಜಿಂ ಕ್ಯಾನಿಗೆ 16 ಗ್ರಾಂ. ಎಲೆಯೊಳಗೆ ಇಳಿಯುವ ಔಷಧ, ಮೊದಲ ಸಲ ಚೆನ್ನಾಗಿ ತಡೆಯಿತು. 15 ದಿನ ಬಿಟ್ಟು ಹೊಡೆದ ಎರಡನೇ ಸಲ ಆ ಕೆಲಸ ಕಾಣಲಿಲ್ಲ. ಇದನ್ನೇ ಪದೇ ಪದೇ ಹೊಡೆದರೆ ಶಿಲೀಂಧ್ರ ಬಗ್ಗದಂತಾಗುತ್ತೆ, ಅದಕ್ಕೇ ನಾನು ಇದನ್ನು ಪಟ್ಟಿಯಿಂದ ತೆಗೆದೆ.

ಹೆಕ್ಸಾಕೊನಜೋಲ್ 5 ಇಸಿ (ನೂರಕ್ಕೆ 5 ಭಾಗ ಔಷಧವಿರುವ ದ್ರಾವಣ), ಕ್ಯಾನಿಗೆ 16 ಮಿಲಿ. ರೋಗ ನಡು ಗಿಡಕ್ಕೆ ಏರಿದ್ದ ಸಾಲುಗಳಲ್ಲೂ ನಿಲ್ಲಿಸಿದ್ದು ಇದೊಂದೇ. ತುಕ್ಕಿಗೂ ಆಗುತ್ತೆ. ಹಾಗಾದರೆ ಶುರುವಿಗೇ ಇದನ್ನು ಹೊಡೆಯಬಹುದಲ್ವಾ? ನಾನು ಹೊಡೆಯುವುದಿಲ್ಲ. ಕ್ಯಾನಿನ ಲೆಕ್ಕಕ್ಕೆ ಹಣದ ವ್ಯತ್ಯಾಸ ದೊಡ್ಡದೇನಲ್ಲ, ಆದರೆ ಸುಮ್ನೆ ಮೊದಲೇ ಖರ್ಚು ಮಾಡಿದರೆ ಶಿಲೀಂಧ್ರ ಇದಕ್ಕೂ ಒಗ್ಗಿಹೋಗಿ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬುಡದ ಎಲೆಯಲ್ಲಿ ಪುಡಿ ಕಂಡ ಕೂಡಲೇ ಗಂಧಕ, ನಡುವಿಗೆ ಏರಿದರೆ ಹೆಕ್ಸಾಕೊನಜೋಲ್.

ಬಿಟ್ಟ ಎರಡು ಸಾಲಲ್ಲಿ ಎಲೆ ಹಳದಿಯಾಗಿ ಉದುರಿ, ಮೇಲಿನ ಕಾಯಿಗಳು ಲಿಂಬೆಹಣ್ಣಿಗಿಂತ ಸಣ್ಣದಾಗೇ ಒಡೆದವು. ಇನ್ನೊಂದು ಗಮನಿಸಿದ್ದು: ಒತ್ತಾಗಿ ಊರಿ, ಯೂರಿಯಾ ಜಾಸ್ತಿ ಹಾಕಿದ್ದ ಬದುವಿನ ಪಕ್ಕದಲ್ಲೇ ಪುಡಿ ಮೊದಲು ಕಂಡಿದ್ದು. ಅಲ್ಲಿ ಮುಂದಿನ ಸಲ ಸಾಲಿನ ಅಂತರ ಹೆಚ್ಚು ಬಿಡುತ್ತೇನೆ, ಉದುರಿದ ಎಲೆಯನ್ನೂ ಈಗಲೇ ಆರಿಸಿ ಹೊರಗೆ ಹಾಕುತ್ತಿದ್ದೇನೆ.