ತೂಕದ ಸ್ಟೆಬಿಲೈಜರೋ, ಮೋಟಾರ್ ಗಿಂಬಲ್ಲೋ: ಒಂದು ಲಗ್ನದ ಸೀಜನ್ ಎರಡನ್ನೂ ಹಿಡಿದ ಮೇಲೆ

ಗದಗಿನ ಸುತ್ತಮುತ್ತ ಲಗ್ನದ ವಿಡಿಯೊ ಮಾಡುವ ನನ್ನ ಬ್ಯಾಗಿನಲ್ಲಿ ಈಗ ಎರಡು ಸ್ಟೆಬಿಲೈಜರ್, ಅಂದರೆ ನಡೆಯುತ್ತ ಶೂಟ್ ಮಾಡುವಾಗ ಚಿತ್ರ ಅಲ್ಲಾಡದಂತೆ ಕ್ಯಾಮೆರಾ ಹಿಡಿಯುವ ಸಾಧನ, ಇವೆ. ಒಂದು ಬ್ಯಾಟರಿಯೇ ಬೇಡದ ಹಳೇ ಮಾದರಿ. ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ರೂಪಿಸಿದ ಸ್ಟೆಡಿಕ್ಯಾಮ್‌ನ ತತ್ವವೇ ಇದರದೂ: ಒಂದು ಕೋಲಿನ ಮೇಲೆ ಕ್ಯಾಮೆರಾ, ಕೆಳಗೆ ತೂಕದ ಬಿಲ್ಲೆಗಳು, ನಡುವೆ ಹಿಡಿಕೆಯ ಹತ್ತಿರ ಸಲೀಸಾಗಿ ತಿರುಗುವ ಕೀಲು. ಇನ್ನೊಂದು ಮೂರು ಮೋಟಾರಿನ ಗಿಂಬಲ್; ಇದರಲ್ಲಿ ಕ್ಯಾಮೆರಾವನ್ನು ನೆಟ್ಟಗೆ ಹಿಡಿಯುವುದು ಬ್ಯಾಟರಿಯಿಂದ ಓಡುವ ಮೋಟಾರುಗಳು. ಒಂದೇ ಕ್ಯಾಮೆರಾವನ್ನು ಎರಡರ ಮೇಲೂ ಕೂರಿಸಿ ಸೀಜನ್ ಪೂರ್ತಿ ದುಡಿದಿದ್ದೇನೆ.

ತೂಕದ್ದಕ್ಕೆ ತಾಳ್ಮೆ ಬೇಕು. ಮೊದಲ ದಿನ ಮನೆಯ ಪಡಸಾಲೆಯಲ್ಲಿ ಕೂತು ತೂಕ ಸರಿದೂಗಿಸಿ ಹದ ಮಾಡುವಷ್ಟರಲ್ಲಿ ಮುಕ್ಕಾಲು ತಾಸು ಹೋಯಿತು. ಕ್ಯಾಮೆರಾ ಕೂರುವ ಪ್ಲೇಟನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟೇ ಸರಿಸುತ್ತ ಕೋಲು ನೆಟ್ಟಗೆ ನಿಲ್ಲುವಂತೆ ಮಾಡಬೇಕು. ಆಮೇಲೆ ಕೋಲನ್ನು ಅಡ್ಡ ಹಿಡಿದು ಬಿಡಬೇಕು. ಅದು ಇಳಿದು ನೆಟ್ಟಗಾಗಲು ಸುಮಾರು 2 ಸೆಕೆಂಡ್ ಹಿಡಿದರೆ ಹದ ಸರಿ. ಧಪ್ಪಂತ ಇಳಿದರೆ ಕೆಳಗೆ ತೂಕ ಹೆಚ್ಚಾಗಿದೆ ಎಂದರ್ಥ; ನಡಿಗೆ ಶುರುಮಾಡಿದಾಗ, ನಿಂತಾಗ ಚಿತ್ರ ತೊಟ್ಟಿಲಿನಂತೆ ತೂಗುತ್ತದೆ. ಇಳಿಯಲು ತೀರಾ ತಡ ಮಾಡಿದರೆ ತೂಕ ಸಾಲದು, ಫ್ರೇಮ್ ಯಾವ ಕಡೆಗಾದರೂ ವಾಲಿಕೊಂಡೇ ಉಳಿಯುತ್ತದೆ. ಕ್ಯಾಮೆರಾದ ಕೊರಳಪಟ್ಟಿ ಜೋತಾಡುತ್ತಿದ್ದರೂ, ಪಕ್ಕದ ಸ್ಕ್ರೀನ್ ತೆರೆದರೂ ಮಾಡಿದ ಹದ ಕೆಡುತ್ತದೆ. ಹಾಗಾಗಿ ಪಟ್ಟಿ ಬಿಚ್ಚಿ, ಸ್ಕ್ರೀನ್ ತೆರೆದೇ ಹದ ಮಾಡಬೇಕು.

ಗಿಂಬಲ್ ಕೊಂಡಾಗ ಈ ಕಷ್ಟ ತೀರಿತು ಅಂದುಕೊಂಡಿದ್ದೆ. ತೀರಲಿಲ್ಲ. ಸ್ವಿಚ್ ಆಫ್ ಇರುವಾಗಲೇ ಮೊದಲು ಟಿಲ್ಟ್ (ಮೇಲೆ ಕೆಳಗೆ ಬಾಗುವುದು), ಆಮೇಲೆ ರೋಲ್ (ಪಕ್ಕಕ್ಕೆ ವಾಲುವುದು), ಕೊನೆಗೆ ಪ್ಯಾನ್ (ಎಡಕ್ಕೆ ಬಲಕ್ಕೆ ತಿರುಗುವುದು) ಹದ ಮಾಡಬೇಕು. ಲೆನ್ಸನ್ನು ಚಾವಣಿಗೆ ತಿರುಗಿಸಿ ಕೈ ಬಿಟ್ಟರೂ ಕ್ಯಾಮೆರಾ ಅಲ್ಲಾಡದೆ ನಿಂತರೆ ಮಾತ್ರ ಟಿಲ್ಟ್ ಆಯಿತು ಅನ್ನಬಹುದು. ಹುಬ್ಬಳ್ಳಿಯ ಒಂದು ಲಗ್ನದಲ್ಲಿ ನಾನು 35 ಎಂಎಂ ಲೆನ್ಸ್ ತೆಗೆದು ಅದಕ್ಕಿಂತ ಭಾರದ 24-70 ಜೂಮ್ ಹಾಕಿ, ಹದ ಮಾಡದೆ ಹಾಗೇ ನಡೆದೆ. ಗಿಂಬಲ್ಲಿನ ತೋಳಿನಿಂದ ಜೀರುಂಡೆಯಂಥ ಸದ್ದು ಶುರುವಾಯಿತು, ಮೋಟಾರ್ ಮುಟ್ಟಿದರೆ ಬಿಸಿ. ಅಂತರಪಟ ಸರಿದು ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ತಲೆ ಕೆಳಗೆ ಹಾಕಿತು. "ಅಣ್ಣಾರ, ಮೋಟಾರ್ ಕೈಬಿಟ್ಟೈತ್ರೀ!" ಅಂತ ನನ್ನ ಜೊತೆಗಿದ್ದ ಹುಡುಗ ಓಡಿ ಬಂದ. ಟ್ರೈಪಾಡ್ ಮೇಲಿದ್ದ ಎರಡನೇ ಕ್ಯಾಮೆರಾ ಆ ಗಳಿಗೆಯನ್ನು ದೂರದಿಂದ ಹಿಡಿದಿತ್ತು, ಅಷ್ಟೇ. ಹುಡುಗಿಯ ಮುಖ ಹತ್ತಿರದಿಂದ ಸಿಗಲೇ ಇಲ್ಲ. ಆ ನೋವು ನನಗಿನ್ನೂ ಹೋಗಿಲ್ಲ.

ನಡಿಗೆಯ ವಿಷಯದಲ್ಲಿ ಎರಡೂ ಒಂದೇ. ಗಿಂಬಲ್ಲಿನ ಮೂರು ಮೋಟಾರ್ ವಾಲುವುದನ್ನು, ತಿರುಗುವುದನ್ನು ತಡೆಯುತ್ತವೆ; ಹೆಜ್ಜೆಗೊಮ್ಮೆ ಮೈ ಮೇಲೆ ಕೆಳಗೆ ಕುಪ್ಪಳಿಸುವುದನ್ನು ತಡೆಯುವುದಿಲ್ಲ. ಮೊಣಕಾಲು ತುಸು ಬಗ್ಗಿಸಿ, ಹಿಮ್ಮಡಿ ಮೊದಲು ಊರಿ, ತುಂಬಿದ ಕೊಡ ಹೊತ್ತವರ ಹಾಗೆ ನಡೆಯಬೇಕು.

ಗಾಳಿಗೆ ಮಾತ್ರ ತೂಕದ್ದು ನಿಲ್ಲುವುದಿಲ್ಲ. ಕಪ್ಪತಗುಡ್ಡದಲ್ಲಿ ಒಂದು ಜೋಡಿಯ ಲಗ್ನಪೂರ್ವ ಶೂಟಿಂಗ್ ಇತ್ತು. ಗಾಳಿಯಂತ್ರಗಳನ್ನು ನಿಲ್ಲಿಸಿರುವ ಜಾಗ. ಅಲ್ಲಿಯ ಗಾಳಿಯನ್ನು ಕೇಳಬೇಕೆ? ಕೀಲು ಎಷ್ಟು ಸಲೀಸೋ ಅಷ್ಟೇ ಸುಲಭವಾಗಿ ಗಾಳಿ ಕ್ಯಾಮೆರಾವನ್ನು ತಿರುಗಿಸಿಬಿಡುತ್ತಿತ್ತು. ಎರಡು ಬೆರಳಿನಿಂದ ಕೋಲು ಹಿಡಿದರೂ ಪ್ರಯೋಜನವಾಗಲಿಲ್ಲ. ಅದೇ ಜಾಗದಲ್ಲಿ ಗಿಂಬಲ್ ಅಲ್ಲಾಡದೆ ನಿಂತಿತು.

ಆದರೆ ಮೆರವಣಿಗೆಯಲ್ಲಿ, ಮಕ್ಕಳ ಹಿಂದೆ ಓಡುವಾಗ ನನ್ನ ಕೈ ಇಂದಿಗೂ ತೂಕದ್ದನ್ನೇ ಹುಡುಕುತ್ತದೆ. ಗಿಂಬಲ್ ಕೈ ತಿರುಗಿಸಿದ ಮೇಲೆ ತುಸು ತಡೆದು ಹಿಂಬಾಲಿಸುತ್ತದೆ, ಅಷ್ಟರಲ್ಲಿ ಮಗು ಫ್ರೇಮಿನಾಚೆ. ಹಿಂಬಾಲಿಸುವ (ಫಾಲೋ) ವೇಗ ಏರಿಸಿದರೆ ತಿರುವು ಒರಟಾಗುತ್ತದೆ. ತೂಕದ್ದರಲ್ಲಿ ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ನನ್ನ ಬೆರಳಲ್ಲೇ ಇದೆ. ಹತ್ತು ನಿಮಿಷಕ್ಕೆ ಮಣಿಕಟ್ಟು ನೋಯುವುದೂ ಅದರಲ್ಲೇ.

ಲಗ್ನದ ಕೆಲಸಕ್ಕೆ ಒಂದನ್ನೇ ಕೊಳ್ಳುವುದಾದರೆ ಗಿಂಬಲ್ ಕೊಳ್ಳಿ ಎನ್ನುತ್ತೇನೆ. ಆದರೆ ಎರಡು ದಿನವಾದರೂ ಯಾರದಾದರೂ ತೂಕದ್ದನ್ನು ಕೇಳಿ ತಂದು ನಡೆದು ನೋಡಿ, ಕೈಗೆ ಹದ ಗೊತ್ತಾಗುತ್ತದೆ. ನನ್ನ ಗಿಂಬಲ್ಲಿನ ಪ್ಲೇಟಿನ ಮೇಲೆ ಈಗ ಎರಡು ಗೆರೆಗಳಿವೆ: 35ಕ್ಕೆ ಬಿಳಿ, ಜೂಮಿಗೆ ಕೆಂಪು. ಲೆನ್ಸ್ ಬದಲಿಸಿ, ಪ್ಲೇಟನ್ನು ಗೆರೆಗೆ ತಂದು, ಮೇಲೊಮ್ಮೆ ತಿರುಗಿಸಿ ನೋಡಲು ಒಂದೂವರೆ ನಿಮಿಷ ಸಾಕು. ಭಟ್ಟರು ಅಂತರಪಟ ಹಿಡಿಸುವ ಮೊದಲೇ ಅದನ್ನು ಮುಗಿಸಿರುತ್ತೇನೆ.